ಐಫೋನ್‌ಗೆ ಬಂದರೂ ನನ್ನ ಸ್ಟೇಷನ್‌ಗಳು ಉಳಿದವು

ಆಂಡ್ರಾಯ್ಡ್‌ನಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ದ ವಿದೇಶಿ ಇಂಟರ್ನೆಟ್ ರೇಡಿಯೊ ಸ್ಟೇಷನ್‌ಗಳಲ್ಲಿ ಕೇಳುವಂಥವೆಲ್ಲ ಈಗ ಐಫೋನ್‌ನಲ್ಲಿ ಹಾಡುತ್ತಿವೆ. "ಐಫೋನ್ ತಗೊಂಡ್ರೆ ನಿಮ್ಮ ರೇಡಿಯೊ ಕತೆ ಮುಗೀತು ಮಾರಾಯ್ರೇ" ಅಂದಿದ್ದ, ದೂರದೇಶದ ಶಾರ್ಟ್‌ವೇವ್ ರೇಡಿಯೊ ಹುಡುಕಿ ಕೇಳುವ ಗೆಳೆಯರೇ ಈಗ ಸ್ಟೇಷನ್‌ಗಳ ಇಂಟರ್ನೆಟ್ ವಿಳಾಸಪಟ್ಟಿ ಕೇಳುತ್ತಿದ್ದಾರೆ.

ಮೊದಲು ಸುಲಭದ ದಾರಿಗಳನ್ನೇ ನೋಡಿದೆ. ಒಂದು ಆ್ಯಪ್‌ಗೆ ವರ್ಷದ ಚಂದಾ ಎಂದು ಸಾವಿರದ ಆಸುಪಾಸು ಹೋಯಿತು. ಅದರಲ್ಲಿ ದೊಡ್ಡ ಸ್ಟೇಷನ್‌ಗಳೆಲ್ಲ ಇದ್ದವು, ನನಗೆ ಬೇಕಾದ ಚಿಕ್ಕವು ಇರಲಿಲ್ಲ, ಸ್ವಂತ ವಿಳಾಸ ಸೇರಿಸಲೂ ಜಾಗವಿಲ್ಲ. ಇನ್ನೊಂದಕ್ಕೆ ಮುನ್ನೂರು ಚಿಲ್ಲರೆ ಕೊಟ್ಟೆ. ಅದು ಓಗ್, ಓಪಸ್ ಎಂಬ ಆಡಿಯೊ ರೂಪಗಳ ಸ್ಟ್ರೀಮ್ (ನೇರಪ್ರಸಾರ) ಬಂದರೆ ಮೌನ. ಸುರಕ್ಷಿತ ಎಚ್‌ಟಿಟಿಪಿಎಸ್ ಇಲ್ಲದೆ ಬರೀ ಎಚ್‌ಟಿಟಿಪಿಯಲ್ಲಿ ಓಡುವ ಹಳೆಯ ಶೌಟ್‌ಕಾಸ್ಟ್ (ಇಂಟರ್ನೆಟ್ ರೇಡಿಯೊ ಪ್ರಸಾರದ ತಂತ್ರಾಂಶ) ಸರ್ವರ್‌ಗಳನ್ನಂತೂ ಮುಟ್ಟಲೇ ಇಲ್ಲ. ನನ್ನ ಪಟ್ಟಿಯಲ್ಲಿ ಮೂರನೇ ಒಂದು ಪಾಲು ಅಂಥವೇ.

ಕೊನೆಗೆ ಗೆದ್ದದ್ದು ಪಟ್ಟಿಯನ್ನೇ ಆ್ಯಪ್‌ನ ಕೈಯಿಂದ ಬಿಡಿಸಿಕೊಂಡಾಗ. ಆಂಡ್ರಾಯ್ಡ್‌ನಲ್ಲಿ ಬಳಸುತ್ತಿದ್ದ ರೇಡಿಯೊ ಆ್ಯಪ್ ರೇಡಿಯೊಡ್ರಾಯ್ಡ್‌ನ ಮೆಚ್ಚಿನವುಗಳನ್ನು ಎಂ3ಯು ಕಡತವಾಗಿ, ಅಂದರೆ ವಿಳಾಸಗಳ ಸರಳ ಪಟ್ಟಿಯಾಗಿ, ಉಳಿಸಿ ಕಂಪ್ಯೂಟರ್‌ಗೆ ಹಾಕಿಕೊಂಡೆ. ಇನ್ನೂರರ ಹತ್ತಿರ ವಿಳಾಸ, ಕಾಲುಭಾಗ ಸತ್ತಿದ್ದವು. ಸತ್ತವಕ್ಕೆ ರೇಡಿಯೊ ಬ್ರೌಸರ್ ಎಂಬ ಸ್ಟೇಷನ್‌ಗಳ ಮುಕ್ತ ಡೇಟಾಬೇಸ್‌ನಲ್ಲಿ ಹೊಸ ವಿಳಾಸ ಹುಡುಕಿದೆ. ಕೆಲವು ವಿಳಾಸಗಳ ಬಾಲಕ್ಕೆ, ಪ್ರಶ್ನೆ ಚಿಹ್ನೆಯ ಆಚೆ, ತಾತ್ಕಾಲಿಕ ಟೋಕನ್ (ಸ್ವಲ್ಪ ಹೊತ್ತು ಮಾತ್ರ ನಡೆಯುವ ಗುರುತಿನ ಸಂಕೇತ) ಅಂಟಿಕೊಂಡಿರುತ್ತದೆ. ಇವತ್ತು ನುಡಿದು ನಾಳೆ ಕೈಕೊಡುವುದು ಅದರಿಂದಲೇ. ಬಾಲ ಕತ್ತರಿಸಿದರೆ ಬಹಳಷ್ಟು ಸರಿಹೋಗುತ್ತವೆ. ಪಿಎಲ್‌ಎಸ್ ಕೊಂಡಿ ಅಂದರೆ ಸ್ಟ್ರೀಮ್ ಅಲ್ಲ, ಅದರ ವಿಳಾಸ ಹೊತ್ತ ಚಿಕ್ಕ ಕಡತ. ಅಂಥವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಒಳಗಿನ ನಿಜವಾದ ವಿಳಾಸ ತೆಗೆದುಕೊಂಡೆ. ಎರಡು ಭಾನುವಾರ ಇದಕ್ಕೇ ಹೋಯಿತು ಅನ್ನಿ.

ಐಫೋನ್‌ನಲ್ಲಿ ಬೇಕಾದದ್ದು ವಿಎಲ್‌ಸಿ ಎಂಬ ಪ್ಲೇಯರ್ ಆ್ಯಪ್ ಮಾತ್ರ, ಅದೂ ಪುಕ್ಕಟೆ. ಅದರ ನೆಟ್‌ವರ್ಕ್ ಸ್ಟ್ರೀಮ್ ವಿಭಾಗದಲ್ಲಿ ವಿಳಾಸ ಅಂಟಿಸಿ ಹೆಸರು ಬದಲಿಸಿದರೆ ಅಲ್ಲೇ ಉಳಿಯುತ್ತದೆ. ಓಗ್, ಓಪಸ್, ಎಚ್‌ಟಿಟಿಪಿ ಯಾವುದಕ್ಕೂ ತಕರಾರಿಲ್ಲ. ದಿನಾ ಕೇಳುವ ನಲವತ್ತನ್ನಷ್ಟೇ ಹೀಗೆ ಹಾಕಿದ್ದೇನೆ. ಪ್ಯಾರಿಸ್‌ನ ಫಿಪ್, ಸಿಯಾಟಲ್‌ನ ಕೆಇಎಕ್ಸ್‌ಪಿ, ಜಾಹೀರಾತಿಲ್ಲದ ರೇಡಿಯೊ ಸ್ವಿಸ್ ಕ್ಲಾಸಿಕ್ ಮೊದಲ ಸಾಲಿನಲ್ಲಿವೆ. ಹೋಮ್ ಸ್ಕ್ರೀನ್‌ನಲ್ಲಿ ಸ್ಟೇಷನ್‌ಗೊಂದು ಐಕಾನ್ ಇಟ್ಟು, ಒಂದೇ ಒತ್ತಿಗೆ ಹಾಡುವಂತೆ ಐಫೋನ್‌ನದೇ ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ ಒಂದು ಉಪಾಯ ಮಾಡಿದ್ದೇನೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಡೇಟಾ ಭಯ ಬೇಡ. ಸ್ಟ್ರೀಮ್‌ನ ವೇಗ 128 ಕೆಬಿಪಿಎಸ್ (ಸೆಕೆಂಡಿಗೆ ಕಿಲೊಬಿಟ್) ಅಂದರೆ ಗಂಟೆಗೆ ಸುಮಾರು 58 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಮೂರು ಗಂಟೆ ಕೇಳಿದರೂ ಎಂಟನೇ ಒಂದು ಭಾಗ ಮುಟ್ಟುವುದಿಲ್ಲ.

ನಡುವೆ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ (ಅಲ್ಲಿನ ರೇಡಿಯೊ ರಿಸೀವರನ್ನು ಬ್ರೌಸರ್‌ನಲ್ಲೇ ತಿರುಗಿಸಿ ಕೇಳುವ ತಾಣ) ಅನ್ನೂ ಸಫಾರಿಯಲ್ಲಿ ತೆರೆದು ನೋಡಿದೆ. ಸದ್ದು ಬರಲು ಆಡಿಯೊ ಸ್ಟಾರ್ಟ್ ಗುಂಡಿ ಒತ್ತಲೇಬೇಕು. ಒತ್ತಿದ ಮೇಲೆ ಯುರೋಪಿನ ಮೀಡಿಯಂವೇವ್, ಸಿಡಿಲಿನ ಚಟಪಟ, ಸದ್ದು ಏರಿಳಿಯುವ ಫೇಡಿಂಗ್ ಎಲ್ಲ ಅಂಗೈಯಲ್ಲೇ! ಆದರೆ ಪರದೆ ಆರಿದೊಡನೆ ಸದ್ದೂ ನಿಂತಿತು. ಹಾಗಾಗಿ ಹಳೆಯ ಆಂಡ್ರಾಯ್ಡ್ ಫೋನನ್ನು ಮಾರದೆ, ಚಾರ್ಜರ್‌ಗೆ ಸಿಕ್ಕಿಸಿ, ಈ ವೆಬ್‌ಎಸ್‌ಡಿಆರ್‌ಗಾಗಿಯೇ ಮೇಜಿನ ಮೇಲೆ ಇಟ್ಟಿದ್ದೇನೆ.