ಎರಡನೇ ಅವಧಿಯ ಪಾಠಪಟ್ಟಿ ಗೋಡೆ ಕ್ಯಾಲೆಂಡರಿಗೆ ಹೋಗಿದ್ದು

ದಸರಾ ರಜೆ ಮುಗಿದ ಕೂಡಲೇ ಮುಂದಿನ ಅವಧಿಯಲ್ಲಿ ಏನೇನು ಕಲಿಸುತ್ತೇವೆ ಅಂತ ಮನೆಯವರಿಗೆ ತಿಳಿಸಬೇಕು ಅನ್ನೋದು ನನ್ನ ಹಳೇ ಹಟ. "ಓದು ಬಾರದವರ ಮನೆಗೆ ಪಾಠಪಟ್ಟಿ ಕಳಿಸಿ ಏನು ಮಾಡ್ತೀರಿ ಮೇಷ್ಟ್ರೇ?" ಅಂತ ಎಸ್‌ಡಿಎಂಸಿಯ (ಶಾಲೆಯ ಮೇಲುಸ್ತುವಾರಿ ಸಮಿತಿಯ) ಹಿರಿಯರೊಬ್ಬರು ನಕ್ಕಿದ್ದರು. ಜೊತೆಯ ಶಿಕ್ಷಕರೂ "ಕ್ರಿಯಾಯೋಜನೆ ಬರೆದು ಸೈನ್ ಆಯ್ತಲ್ಲ ಸಾರ್, ಇದೊಂದು ಯಾಕೆ?" ಅಂದರು. ಮೂರ್ನಾಲ್ಕು ವರ್ಷ ಅವರ ಮಾತೇ ನಿಜವಾಯಿತು. ಹೋದ ವರ್ಷ ಕೆಲಸ ಕೈಹಿಡಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆಯ ಸಣ್ಣ ಹಳ್ಳಿ. ಒಂದರಿಂದ ಐದನೇ ತರಗತಿ, ಇಬ್ಬರು ಶಿಕ್ಷಕರು, ನಲವತ್ತರ ಆಸುಪಾಸು ಮಕ್ಕಳು. ಬಹುತೇಕ ಮನೆಗಳಲ್ಲಿ ಒಂದೆರಡು ಹಸು, ಒಂದಷ್ಟು ತೆಂಗು.

ಮೊದಲ ವರ್ಷ ಕಲರ್ ಪ್ರಿಂಟ್ ಹಾಕಿಸಿದೆ. ಒಂದಕ್ಕೆ ಹದಿನೈದೋ ಇಪ್ಪತ್ತೋ ಆಯಿತು, ಒಟ್ಟು ಏಳುನೂರು ಚಿಲ್ಲರೆ ನನ್ನ ಜೇಬಿನಿಂದ ಹೋಯಿತು. "ದಶಮಾಂಶ ಸಂಖ್ಯೆಗಳ ಪರಿಕಲ್ಪನೆ, ಹೋಲಿಕೆ" ಅಂತೆಲ್ಲ ಪುಸ್ತಕದ ಭಾಷೆಯಲ್ಲೇ ಇತ್ತು. ವಾರ ಕಳೆಯೋದರೊಳಗೆ ಅರ್ಧ ಹಾಳೆ ದೋಣಿಯಾದವು. ಮರುವರ್ಷ ಶಾಲೆ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದೆ, ಮುನ್ನೂರರ ಹತ್ತಿರ ಖರ್ಚು. ಹದಿನೈದು ದಿನವೂ ಇರಲಿಲ್ಲ. ಅಕಾಲ ಮಳೆ ಬಂದ ರಾತ್ರಿ ಕಾಣೆಯಾಗಿ, ಮುಂದೆ ಒಬ್ಬರ ಹುಲ್ಲಿನ ಬಣವೆ ಮೇಲೆ ಸಿಕ್ಕಿತು. ಬಣವೆ ನೆನೆಯಲಿಲ್ಲ, ಅಷ್ಟೇ ಲಾಭ. ವಾಟ್ಸಾಪ್ ಗುಂಪಿನ ಕತೆ ನಿಮಗೆ ಗೊತ್ತೇ ಇದೆ, ಶುಭೋದಯದ ಹೂವುಗಳ ಕೆಳಗೆ ಪಾಠಪಟ್ಟಿ ಮುಳುಗಿಹೋಯಿತು.

ಮನೆ ಭೇಟಿಗೆ ಹೋದಾಗೆಲ್ಲ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಎಲ್ಲ ಮನೆಯಲ್ಲೂ ಗೋಡೆ ಕ್ಯಾಲೆಂಡರ್ ಇದೆ. ಅಮಾವಾಸ್ಯೆ, ರಾಹುಕಾಲ ನೋಡೋಕೆ ದಿನಾ ಅದರ ಮುಂದೆ ನಿಲ್ಲುತ್ತಾರೆ. ಹಸುವಿಗೆ ಇಂಜೆಕ್ಷನ್ ಮಾಡಿಸಿದ ತಾರೀಕು, ಸಂಘದ ಕಂತು, ಗ್ಯಾಸ್ ಬಂದ ದಿನ ಎಲ್ಲ ಅದರಲ್ಲೇ. ನನ್ನ ಪಟ್ಟಿಯೂ ಅಲ್ಲಿಗೇ ಹೋಗಬೇಕು ಅಂತ ಆಗ ಹೊಳೆಯಿತು.

ವಾಕ್ಯ ಬರೆಸಿದರೆ ಜಾಗ ಸಾಲದು. ಭಾನುವಾರದ ಚೌಕದಲ್ಲಿ ಒಂದು ಚಿತ್ರ ಮಾತ್ರ, ಅದನ್ನೂ ಮಗುವೇ ಬರೆಯಬೇಕು. ಹಾಲಿನ ಕ್ಯಾನು, ತಕ್ಕಡಿ, ಬಸ್ಸು, ಲಗ್ನಪತ್ರಿಕೆ, ಹೀಗೆ. ಆ ವಾರ ಶಾಲೆಯಲ್ಲಿ ಏನು ನಡೆಯುತ್ತದೋ ಅದಕ್ಕೆ ಹೊಂದುವ ಮನೆಯ ವಸ್ತು. ಮನೆಯವರು ಆ ವಸ್ತುವನ್ನು ಮಗುವಿನ ಕೈಗೆ ಕೊಟ್ಟು ಒಂದು ಪ್ರಶ್ನೆ ಕೇಳಿದರೆ ಸಾಕು. ಪ್ರಶ್ನೆ ಯಾವುದು ಅಂತ ಮಗುವೇ ಹೇಳುತ್ತದೆ.

ಐದನೇ ತರಗತಿಯ ದಶಮಾಂಶದಲ್ಲಿ ಇದರ ಫಲ ಚೆನ್ನಾಗಿ ಕಂಡಿತು. ಡೈರಿಯ ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ), ದರ ಎಲ್ಲ ದಶಮಾಂಶದಲ್ಲೇ ಇರುತ್ತವೆ. ನಮ್ಮ ಹುಡುಗನೊಬ್ಬ 4.25 ದೊಡ್ಡದು, 4.5 ಚಿಕ್ಕದು ಅಂತ ವಾರಗಟ್ಟಲೆ ವಾದಿಸುತ್ತಿದ್ದ. ಐದಕ್ಕಿಂತ ಇಪ್ಪತ್ತೈದು ಜಾಸ್ತಿ ಅಲ್ವಾ, ಅದು ಅವನ ಲೆಕ್ಕ. ನಾನು ಚೌಕದ ಹಾಳೆ ಬಣ್ಣ ಹಚ್ಚಿ ತೋರಿಸಿದ್ದೆಲ್ಲ ದಂಡ. ಮನೆಯಲ್ಲಿ ಅಜ್ಜಿ ಎರಡು ದಿನದ ಚೀಟಿ ಹಿಡಿದು ಓದು ಅಂದಿದ್ದಾರೆ, ಅವನು ಓದಿದ್ದಾನೆ. "ಲೋ, ನಾಲ್ಕೂಕಾಲು ಲೀಟರಿಗೆ ಜಾಸ್ತಿ ದುಡ್ಡು ಬರುತ್ತೋ, ನಾಲ್ಕೂವರೆಗೋ?" ಅಷ್ಟೇ. ಮರುದಿನ ಬಂದು ನನಗೇ ಪಾಠ ಹೇಳಿದ. ಅಜ್ಜಿಗೆ ಹೆಬ್ಬೆಟ್ಟು ಒತ್ತೋದು ಬಿಟ್ಟರೆ ಬೇರೆ ಬರಹ ಬರುವುದಿಲ್ಲ.

ಮುಂಚೆ ಎಸ್‌ಎ-2ರಲ್ಲಿ, ಅಂದರೆ ಎರಡನೇ ಅವಧಿಯ ಕೊನೆಯ ಪರೀಕ್ಷೆಯಲ್ಲಿ, ದಶಮಾಂಶದ ಲೆಕ್ಕ ಸರಿ ಮಾಡುತ್ತಿದ್ದವರು ಇಡೀ ತರಗತಿಯಲ್ಲಿ ಎರಡೋ ಮೂರೋ ಮಕ್ಕಳು. ಹೋದ ವರ್ಷ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ಮಾಡಿದರು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಉತ್ತರಪತ್ರಿಕೆ ತೆಗೆದಿಟ್ಟೇ ತೋರಿಸಿದೆ. ಯಾಕೆ ಬಿಡಬೇಕು?

ಕ್ಯಾಲೆಂಡರಿನ ಕಾಟವೂ ಇದೆ. ನಮ್ಮ ಅವಧಿ ಅಕ್ಟೋಬರಿನಿಂದ ಏಪ್ರಿಲ್ ತನಕ, ಕ್ಯಾಲೆಂಡರ್ ಡಿಸೆಂಬರಿಗೆ ಮುಗಿಯುತ್ತದೆ. ಜನವರಿ ಬಂದ ಕೂಡಲೇ ಹಳೆಯದು ಒಲೆಗೆ, ಹೊಸದರಲ್ಲಿ ನಮ್ಮ ಗುರುತೇ ಇಲ್ಲ. ಹಾಗಾಗಿ ಈಗ ಎರಡು ಕಂತು. ಅಕ್ಟೋಬರಿನಲ್ಲಿ ಮೂರು ತಿಂಗಳದ್ದು, ಸಂಕ್ರಾಂತಿ ಒಳಗೆ ಉಳಿದದ್ದು. ಬಡ ಮನೆಗಳಿಗೆ ಜನವರಿಯಲ್ಲಿ ಕ್ಯಾಲೆಂಡರೇ ಬಂದಿರಲಿಲ್ಲ. ಪೇಟೆಯ ಅಂಗಡಿಗಳಲ್ಲಿ ಕೇಳಿ ಹತ್ತು-ಹನ್ನೆರಡು ಸುಮ್ನೆ ತಂದೆ. ದೇವರ ಪಟದ ಮೇಲೆ ಗೀಚಿದ್ದಕ್ಕೆ ಒಬ್ಬ ತಾಯಿ ಬೈದರು. ಈಗ ಚೌಕ ಬಿಟ್ಟು ಹೊರಗೆ ಬರೆಯೋ ಹಾಗಿಲ್ಲ ಅಂತ ನಿಯಮ.

ಒಂದರಿಂದ ಮೂರನೇ ತರಗತಿಗೆ ಇದು ಹಾಗೇ ನಡೆಯುವುದಿಲ್ಲ, ಅಲ್ಲಿರೋದು ನಲಿ-ಕಲಿ, ಅಂದರೆ ಮಗು ತನ್ನ ವೇಗದಲ್ಲಿ ಚಟುವಟಿಕೆಗಳಿಂದ ಕಲಿಯುವ ಪದ್ಧತಿ. ನಲಿ-ಕಲಿ 2009-10ರಲ್ಲಿ ಎಲ್ಲ ಸರ್ಕಾರಿ ಕನ್ನಡ ಶಾಲೆಗೂ ಬಂದಾಗಿನಿಂದ ನಾನು ಅದರಲ್ಲೇ ಇದ್ದೇನೆ. ಅಲ್ಲಿ ಒಂದೊಂದು ಮಗು ಒಂದೊಂದು ಮೈಲಿಗಲ್ಲಿನಲ್ಲಿ (ಕಲಿಕೆಯ ಹಂತದಲ್ಲಿ) ಇರುತ್ತದೆ, ಇಡೀ ತರಗತಿಗೆ ಒಂದೇ ಪಟ್ಟಿ ಎಲ್ಲಿಂದ ತರೋದು? ಅವರಿಗೆ ಪ್ರಗತಿ ನೋಟ (ಯಾವ ಮಗು ಎಲ್ಲಿಗೆ ಬಂದಿದೆ ಅಂತ ಗುರುತಿಸುವ ಪಟ್ಟಿ) ನೋಡಿ, ತಿಂಗಳಿಗೆ ಒಂದು ಚಿತ್ರ ಸಾಕು ಅಂತ ಬಿಟ್ಟಿದ್ದೇನೆ.

ನಾಲ್ಕನೇ ತರಗತಿಯ ಓದಿಗೆ ಇನ್ನೊಂದು ಪ್ರಯೋಗ ಮಾಡಿದೆ, ಲಗ್ನಪತ್ರಿಕೆ. ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆ ಪಠ್ಯ ಇಲ್ಲ. "ಜ್ಯೇಷ್ಠ ಪುತ್ರ" ಅನ್ನೋದನ್ನು ತಡವರಿಸದೆ ಓದಿದವರಿಗೆ ಪಾಠದ ಯಾವ ಪದವೂ ಭಾರ ಅಲ್ಲ. ಬಂಧು-ಬಳಗದ ಹೆಸರೂ ಸಿಗುತ್ತದೆ, ಪರಿಸರ ಅಧ್ಯಯನಕ್ಕೆ ವಂಶವೃಕ್ಷ ಬರೆಸಿದ್ದೂ ಅದರಿಂದಲೇ. ತೊಂದರೆ ಅಂದರೆ ಧನುರ್ಮಾಸದಲ್ಲಿ ಮದುವೆ ಇಲ್ಲ, ಪತ್ರಿಕೆ ಸರಬರಾಜು ನಿಂತುಹೋಗುತ್ತದೆ. ನವೆಂಬರಿನಲ್ಲೇ ಕೂಡಿಟ್ಟುಕೊಳ್ಳಿ. ಕೊಬ್ಬರಿ ಹರಾಜಿನ ದರ ಹಿಡಿದು ಕ್ವಿಂಟಾಲ್-ಕೆಜಿ ಲೆಕ್ಕವನ್ನೂ ಮಾಡಿಸಲು ಹೋದೆ. ದರ ಇಳಿದ ವಾರ ಅಪ್ಪಂದಿರ ಮುಂದೆ ಆ ಪ್ರಶ್ನೆ ಎತ್ತೋಕೆ ಮಕ್ಕಳಿಗೆ ಧೈರ್ಯ ಬರಲಿಲ್ಲ, ಕೈಬಿಟ್ಟೆ.

ಮನೆಯವರು ನಿಜವಾಗಿ ಪ್ರಶ್ನೆ ಕೇಳಿದರೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ ಅಂತ ಕ್ಲಸ್ಟರಿನಲ್ಲಿ ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಉಪಾಯ ಇದೆ, ಮಕ್ಕಳಿಗೆ ಗೊತ್ತಾದರೆ ಕೆಡುತ್ತದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಸೋಮವಾರ ಪ್ರಾರ್ಥನೆ ಆದ ಮೇಲೆ ಎರಡು ನಿಮಿಷ ಸಾಕು ಅಂತಷ್ಟೇ ಹೇಳುತ್ತೇನೆ.

ಈ ಕ್ಯಾಲೆಂಡರ್ ಕೆಲಸಕ್ಕೆ ಖರ್ಚು ಮಾರ್ಕರ್ ಪೆನ್ನಿನದ್ದು ಮಾತ್ರ, ನೂರೈವತ್ತರ ಒಳಗೆ. ಸ್ಕೆಚ್ ಪೆನ್ ಕೊಡಬೇಡಿ, ನುಣುಪು ಕಾಗದದ ಮೇಲೆ ಒರೆಸಿದರೆ ಹೋಗುತ್ತದೆ. ಒಬ್ಬ ಹುಡುಗ ತನಗೆ ಕಷ್ಟವಾದ ವಾರಗಳನ್ನೆಲ್ಲ ಎಂಜಲು ಹಚ್ಚಿ ಅಳಿಸಿಟ್ಟಿದ್ದ. ಪರ್ಮನೆಂಟ್ ಮಾರ್ಕರನ್ನೇ ಕೊಡಿ, ಬರೆದಾದ ಮೇಲೆ ಎಣಿಸಿ ವಾಪಸ್ ತಗೊಳ್ಳಿ.