ಹಳೆಯ ಕಾರ್ಟೂನ್ ಗೊಂಬೆ, ಕಾಮಿಕ್ಸ್, ತಗಡಿನ ಫಲಕ: ಕಾಲ ಗುರುತಿಸಿ ಬೆಲೆ ಕಟ್ಟುವ ಬಗೆ

ಬೆಳಗಾವಿಯ ಖಡೇಬಜಾರಿನ ಸುತ್ತಲಿನ ಗಲ್ಲಿಗಳಲ್ಲಿ, ಕ್ಯಾಂಪಿನ ಹಳೆಯ ಬಂಗಲೆಗಳ ಅಟ್ಟದ ಮೇಲೆ, ವಿಜಯಪುರದ ರದ್ದಿ ಅಂಗಡಿಗಳಲ್ಲಿ, ಮುಳುಗಡೆಯಾದ ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಸಾಗಿ ಬಂದ ಟ್ರಂಕುಗಳಲ್ಲಿ ಒಂದು ತಲೆಮಾರಿನ ಮಕ್ಕಳ ಆಸ್ತಿ ಇನ್ನೂ ಉಳಿದಿದೆ. ಚಾವಿ ಕೊಟ್ಟರೆ ಓಡುವ ಮಿಕ್ಕಿ ಮೌಸ್, ಮುಖಪುಟ ಸಡಿಲಾದ ಫ್ಯಾಂಟಮ್ ಪುಸ್ತಕ, ಬಣ್ಣದ ಅಂಗಡಿಯ ಬಾಗಿಲಿಗೆ ಒಮ್ಮೆ ಬಡಿದಿದ್ದ ಏಷ್ಯನ್ ಪೇಂಟ್ಸ್ ಜಾಹೀರಾತಿನ ಹುಡುಗ ಗಟ್ಟುವಿನ ತಗಡು, ವಿಮಾನಯಾನ ಕಚೇರಿಯ ಮೇಜಿನ ಮೇಲೆ ತಲೆಬಾಗಿ ನಿಂತಿದ್ದ ಮಹಾರಾಜನ ಗೊಂಬೆ, ಇವೆಲ್ಲವೂ ಈಗ ಸಂಗ್ರಾಹಕರು ಹುಡುಕುವ ವಸ್ತುಗಳು. ಇಂಥದೊಂದು ಕೈಗೆ ಬಂದ ಕೂಡಲೇ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಇದಕ್ಕೆ ಎಷ್ಟು ಬರುತ್ತದೆ ಎಂಬುದು. ಆದರೆ ವಸ್ತು ಯಾವ ಕಾಲದ್ದು, ಯಾರು ತಯಾರಿಸಿದ್ದು ಎಂಬುದು ಇತ್ಯರ್ಥವಾಗದೆ ಬೆಲೆಯ ಮಾತಿಗೆ ಅರ್ಥವಿಲ್ಲ. ಅದನ್ನು ಇತ್ಯರ್ಥಪಡಿಸಲು ಬೇಕಾದ ಸಾಕ್ಷ್ಯ ಬಹುಪಾಲು ಆ ವಸ್ತುವಿನ ಮೇಲೆಯೇ ಅಕ್ಷರಗಳ ರೂಪದಲ್ಲಿ ಇರುತ್ತದೆ.

ಮೊದಲು ಅಕ್ಷರಗಳನ್ನು ಓದಿರಿ

ಒಂದು ಭೂತಗನ್ನಡಿ ಮತ್ತು ಒಳ್ಳೆಯ ಹಗಲು ಬೆಳಕು ಇದ್ದರೆ ಕೆಲಸ ಆರಂಭಿಸಬಹುದು. ಗೊಂಬೆಯಾದರೆ ಪಾದದ ಅಡಿ, ಬೆನ್ನು ಮತ್ತು ಕತ್ತಿನ ಹಿಂಭಾಗವನ್ನು, ತಗಡಿನ ಆಟಿಕೆಯಾದರೆ ತಳ ಮತ್ತು ಚಾವಿಯ ರಂಧ್ರದ ಸುತ್ತಲಿನ ಜಾಗವನ್ನು, ಪುಸ್ತಕವಾದರೆ ಮುಖಪುಟದ ಒಳಬದಿ ಮತ್ತು ಕೊನೆಯ ಪುಟದ ಕೆಳ ಅಂಚನ್ನು ನೋಡಬೇಕು. ತಯಾರಕರ ಹೆಸರು, ದೇಶದ ಹೆಸರು, ಇಸವಿ, ವಿಳಾಸ ಮತ್ತು ಬೆಲೆ, ಇವುಗಳಲ್ಲಿ ಕಂಡದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆಯೇ, ಕಾಗುಣಿತವನ್ನೂ ತಿದ್ದದೆ, ಒಂದು ವಹಿಯಲ್ಲಿ ಬರೆದುಕೊಳ್ಳಿರಿ.

ಡಿಸ್ನಿ ವಸ್ತುಗಳಿಗೆ ಕಂಪನಿಯ ಹೆಸರೇ ಕಾಲಸೂಚಿ. ಮಿಕ್ಕಿ ಮೌಸ್ 1928ರ ನವೆಂಬರ್ 18ರಂದು ತೆರೆಯ ಮೇಲೆ ಬಂದ ಪಾತ್ರ; 1930ರ ದಶಕದ ವಸ್ತುಗಳ ಮೇಲೆ ಸಾಮಾನ್ಯವಾಗಿ ‘ವಾಲ್ಟ್ ಡಿಸ್ನಿ ಎಂಟರ್‌ಪ್ರೈಸಸ್’ ಎಂದೂ, ಅಲ್ಲಿಂದ ಮುಂದೆ 1980ರ ದಶಕದ ನಡುವಿನವರೆಗೆ ‘ವಾಲ್ಟ್ ಡಿಸ್ನಿ ಪ್ರೊಡಕ್ಷನ್ಸ್’ ಎಂದೂ ಇರುತ್ತದೆ. 1986ರಲ್ಲಿ ಕಂಪನಿಯ ಹೆಸರು ಬದಲಾದ ಮೇಲೆ ಬರಿಯ ‘ಡಿಸ್ನಿ’ ಎಂಬ ಮುದ್ರೆ ರೂಢಿಗೆ ಬಂತು. ಪಾತ್ರದ ಮುಖವೂ ಸುಳುಹು ಕೊಡುತ್ತದೆ. ಆರಂಭದ ವರ್ಷಗಳ ಮಿಕ್ಕಿಗೆ ಕಪ್ಪು ಕಣ್ಣಿನಲ್ಲಿ ಒಂದು ತ್ರಿಕೋನದ ತುಂಡು ಕತ್ತರಿಸಿ ತೆಗೆದಂತಹ ಕಣ್ಣುಗಳಿದ್ದವು. ಬಿಳಿ ಕಣ್ಣಿನೊಳಗೆ ಕರಿಯ ಪಾಪೆ ಬಂದದ್ದು 1930ರ ದಶಕದ ಕೊನೆಯಲ್ಲಿ. ಆದರೆ ಹಳೆಯ ಮುಖವನ್ನೇ ಬಳಸಿ ಹೊಸ ವಸ್ತುಗಳನ್ನು ತಯಾರಿಸುವ ಪದ್ಧತಿ ಇಂದಿಗೂ ಇರುವುದರಿಂದ ಮುಖ ಹಳೆಯದು, ಮುದ್ರೆ ಹೊಸದು ಎಂದಾದಾಗ ಮುದ್ರೆಯನ್ನೇ ನಂಬಬೇಕು.

ದೇಶದ ಹೆಸರನ್ನೂ ಹೀಗೆಯೇ ಓದಬಹುದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಎರಡನೆಯ ಮಹಾಯುದ್ಧದ ನಂತರ ಆ ದೇಶ ಮಿತ್ರಪಡೆಗಳ ಆಡಳಿತದಲ್ಲಿದ್ದ, 1952ಕ್ಕೆ ಮುಗಿದ ಕಾಲದ್ದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949 ಮತ್ತು 1990ರ ನಡುವಿನದು. ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿದ್ದು, ಗಡಿಯ ಆಚೆ ಈಚೆ ಸಂಬಂಧಿಕರಿರುವ ಮನೆತನಗಳು ಬೆಳಗಾವಿಯಲ್ಲಿ ಬಹಳ ಇರುವುದರಿಂದ, ಇಲ್ಲಿನ ಮನೆಗಳಲ್ಲಿ ವಿದೇಶಿ ಮುದ್ರೆಯ ಆಟಿಕೆ ಕಂಡರೆ ಅದು ಯಾವ ದಾರಿಯಿಂದ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಇಸವಿಯಲ್ಲಿ. ವರ್ತುಲದೊಳಗೆ ‘ಸಿ’ ಅಕ್ಷರವಿರುವ ಹಕ್ಕುಸ್ವಾಮ್ಯದ ಗುರುತಿನ ಪಕ್ಕ ಇರುವ ವರ್ಷ ಆ ವಿನ್ಯಾಸಕ್ಕೆ ಹಕ್ಕು ಪಡೆದ ವರ್ಷವೇ ಹೊರತು ವಸ್ತು ತಯಾರಾದ ವರ್ಷವಲ್ಲ. ಹೀ-ಮ್ಯಾನ್ ಗೊಂಬೆಯ ಬೆನ್ನಿನ ಮೇಲೆ ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್ ಹೆಸರಿನೊಂದಿಗೆ 1981 ಎಂದು ಅಚ್ಚಾಗಿರುತ್ತದೆ. ಅದೇ ಅಚ್ಚಿನಿಂದ ಮುಂದಿನ ಹಲವು ವರ್ಷ, ಬೇರೆ ಬೇರೆ ದೇಶಗಳಲ್ಲಿ ಗೊಂಬೆಗಳು ಬಂದವು. ಎಂಆರ್‌ಎಫ್ ಸಂಸ್ಥೆಯ ಆಟಿಕೆ ಕಂಪನಿ ಫನ್‌ಸ್ಕೂಲ್ 1987ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಜಿ.ಐ. ಜೋ ಗೊಂಬೆಗಳ ಮೇಲೆ ಅದಕ್ಕಿಂತ ಹಿಂದಿನ ವರ್ಷ ಅಚ್ಚಾಗಿದ್ದರೆ ಅದು ಮೂಲ ಅಮೆರಿಕನ್ ಅಚ್ಚಿನ ವರ್ಷ. ಹಾಗೆಂದು ಭಾರತದ ಪ್ರತಿ ಕೀಳೆಂದು ತಿಳಿಯಬೇಕಾಗಿಲ್ಲ. ಮೂಲದಲ್ಲಿ ಇಲ್ಲದ ಬಣ್ಣಗಳ ಜೋಡಣೆ ಇರುವ ಫನ್‌ಸ್ಕೂಲ್ ಗೊಂಬೆಗಳನ್ನು ವಿದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ನಮ್ಮ ಭಾಗದ ಗುರುತುಗಳು

ಭಾರತದ ವಸ್ತುಗಳಿಗೆ ಇನ್ನೂ ಖಚಿತವಾದ ಅಳತೆಗೋಲುಗಳಿವೆ. ಬೆಲೆ ಆಣೆಯಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ನಯಾ ಪೈಸೆ ಎಂದಿದ್ದರೆ ಅಲ್ಲಿಂದ 1964ರ ಜೂನ್‌ವರೆಗಿನದು. ಫ್ಯಾಂಟಮ್‌ನಂತಹ ಕಥೆಗಳನ್ನು ಹೊರತಂದ ಇಂದ್ರಜಾಲ ಕಾಮಿಕ್ಸ್ ಮಾಲಿಕೆ ಆರಂಭವಾದದ್ದೇ 1964ರ ಮಾರ್ಚ್‌ನಲ್ಲಿ ಆದ್ದರಿಂದ ಆಣೆಯ ಬೆಲೆ ಹೊತ್ತ ಇಂದ್ರಜಾಲ ಪ್ರತಿಯನ್ನು ಯಾರಾದರೂ ತೋರಿಸಿದರೆ ಅದನ್ನು ಅಲ್ಲಿಯೇ ಬಿಟ್ಟು ಬರಬಹುದು. ವಿಳಾಸದಲ್ಲಿ ಆರು ಅಂಕಿಗಳ ಪಿನ್ ಕೋಡ್ ಇದ್ದರೆ ವಸ್ತು 1972ರ ಆಗಸ್ಟ್ 15ರ ನಂತರದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಬಾಂಬೆ ಬದಲು ಮುಂಬೈ ಎಂದಿದ್ದರೆ 1995ರ ನಂತರದ್ದು, ಮದ್ರಾಸ್ ಬದಲು ಚೆನ್ನೈ ಎಂದಿದ್ದರೆ 1996ರ ನಂತರದ್ದು. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ. ತಗಡಿನ ‘ಹಳೆಯ’ ಮೋಟಾರಿನ ಪೆಟ್ಟಿಗೆಯ ಮೇಲೆ ಆ ಗುರುತು ಕಂಡರೆ ಅದು ಹೊಸದೆಂದು ತಿಳಿಯಬಹುದು, ಮುಂದೆ ಏನನ್ನೂ ಪರೀಕ್ಷಿಸಬೇಕಾಗಿಲ್ಲ.

ಅಂಗಡಿಕಾರರ ಮತ್ತು ವಾಚನಾಲಯಗಳ ರಬ್ಬರ್ ಸ್ಟ್ಯಾಂಪುಗಳನ್ನು ಸಂಗ್ರಾಹಕರು ಕಲೆಯೆಂದು ಬೇಸರಪಡುವುದುಂಟು, ಆದರೆ ನನಗೆ ಅವುಗಳಷ್ಟು ಪ್ರಿಯವಾದ ಸಾಕ್ಷ್ಯ ಬೇರೆ ಇಲ್ಲ. ಒಂದು ಫ್ಯಾಂಟಮ್ ಪುಸ್ತಕದ ಮೊದಲ ಪುಟದ ಮೂಲೆಯಲ್ಲಿ ನೇರಳೆ ಶಾಯಿಯಲ್ಲಿ ‘ಬೆಳಗಾಂವ, ಮೈಸೂರು ರಾಜ್ಯ’ ಎಂದಿದ್ದರೆ ಆ ಸ್ಟ್ಯಾಂಪು ಕೆತ್ತಿಸಿದ ಕಾಲ 1956ರ ನವೆಂಬರ್ ಮತ್ತು 1973ರ ನವೆಂಬರ್ ನಡುವಿನದು, ಏಕೆಂದರೆ ಅದಕ್ಕೆ ಮೊದಲು ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು, ನಂತರ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ‘ಬಾಗಲಕೋಟ, ಜಿ. ವಿಜಾಪುರ’ ಎಂದಿದ್ದರೆ ಅದು 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವುದಕ್ಕಿಂತ ಹಿಂದಿನ ಸ್ಟ್ಯಾಂಪು. ಇಂಗ್ಲಿಷ್ ಅಕ್ಷರಗಳಲ್ಲಿ ‘ಬೆಳಗಾವಿ’, ‘ವಿಜಯಪುರ’ ಎಂದು ಅಧಿಕೃತವಾಗಿ ಬರೆಯುವುದು ಆರಂಭವಾದದ್ದು 2014ರ ನವೆಂಬರ್‌ನಿಂದ. ಒಂದು ಎಚ್ಚರಿಕೆ ಮಾತ್ರ ಬೇಕು: ಹೊಸ ಹೆಸರು ಇದ್ದರೆ ಅದು ಆ ದಿನಾಂಕದ ನಂತರದ್ದೆಂಬುದಕ್ಕೆ ಪುರಾವೆ, ಆದರೆ ಹಳೆಯ ಹೆಸರು ಬರಿಯ ಸುಳುಹು, ಏಕೆಂದರೆ ಒಮ್ಮೆ ಮಾಡಿಸಿದ ಸ್ಟ್ಯಾಂಪನ್ನು ಸವೆಯುವವರೆಗೂ ಬಳಸುವುದು ಅಂಗಡಿಕಾರರ ರೂಢಿ.

ಇಂದ್ರಜಾಲದ ಆರಂಭದ ಸಂಚಿಕೆಗಳಿಗೆ ಕ್ರಮಸಂಖ್ಯೆ ಮಾತ್ರ ಇತ್ತು. ಕೊನೆಯ ವರ್ಷಗಳಲ್ಲಿ, ಅಂದರೆ 1990ರಲ್ಲಿ ನಿಲ್ಲುವುದಕ್ಕೆ ಮುನ್ನ, ಸಂಪುಟ ಮತ್ತು ಸಂಚಿಕೆಯ ಸಂಖ್ಯೆ ಬರುತ್ತಿತ್ತು. ಬಹಾದ್ದೂರ್ ಪಾತ್ರ ಇದ್ದರೆ ಅದು 1976 ಅಥವಾ ಅದರ ನಂತರದ ಪ್ರತಿ. ಅಮರ ಚಿತ್ರಕಥೆಯ ವಿಷಯದಲ್ಲಿ ಕ್ರಮಸಂಖ್ಯೆಯನ್ನು ನಂಬಿ ಕೂರಬಾರದು, ಏಕೆಂದರೆ ಒಂದೇ ಸಂಖ್ಯೆ ಅನೇಕ ಸಲ ಮರುಮುದ್ರಣಗೊಂಡಿದೆ. ಮುಖಪುಟದ ಬೆಲೆ, ಪ್ರಕಾಶಕರ ಹೆಸರು ಮತ್ತು ಒಳಗಿನ ಜಾಹೀರಾತುಗಳನ್ನು ಹೋಲಿಸಬೇಕು. ಈ ಮಾಲಿಕೆಯ ಮೊದಲ ಹತ್ತು ಸಂಖ್ಯೆಗಳು ಸಿಂಡ್ರೆಲಾಳಂತಹ ಪಾಶ್ಚಾತ್ಯ ಕಥೆಗಳಾಗಿ ಕನ್ನಡದಲ್ಲಿಯೇ ಬಂದವು, ಇಂಗ್ಲಿಷ್ ಮಾಲಿಕೆ ಹನ್ನೊಂದನೆಯ ಸಂಖ್ಯೆಯಾದ ಕೃಷ್ಣನಿಂದ ಆರಂಭವಾಯಿತು. ಆದ್ದರಿಂದ ಆ ಹತ್ತರಲ್ಲಿ ಒಂದು ಪ್ರತಿ ಸಿಕ್ಕರೆ ಅದನ್ನು ರದ್ದಿಯ ತೂಕಕ್ಕೆ ಹಾಕದೆ ಜೋಪಾನವಾಗಿ ಎತ್ತಿಡಬೇಕೆಂದು ಕನ್ನಡಿಗರಿಗೆ ಕಳಕಳಿಯಿಂದ ಹೇಳಬಯಸುತ್ತೇನೆ.

ಜಾಹೀರಾತಿನ ಪಾತ್ರಗಳಲ್ಲಿ ಏರ್ ಇಂಡಿಯಾದ ಮಹಾರಾಜ 1946ರಲ್ಲಿ ಹುಟ್ಟಿದವನು. ಅವನ ಜೊತೆಗೆ ‘ಏರ್-ಇಂಡಿಯಾ ಇಂಟರ್‌ನ್ಯಾಷನಲ್’ ಎಂಬ ಪೂರ್ಣ ಹೆಸರು ಇದ್ದರೆ ವಸ್ತು 1948 ಮತ್ತು 1962ರ ನಡುವಿನದು. ಆರ್.ಕೆ. ಲಕ್ಷ್ಮಣ್ ಅವರು ಏಷ್ಯನ್ ಪೇಂಟ್ಸ್‌ಗಾಗಿ ಬರೆದ, ಕೈಯಲ್ಲಿ ಕುಂಚ ಹಿಡಿದ ಗಟ್ಟು 1954ರವನು.

ಅಸಲು ಮತ್ತು ನಕಲು

ಗಟ್ಟುವಿನಂತಹ ತಗಡಿನ ಫಲಕಗಳಲ್ಲಿ ನಕಲು ಹೆಚ್ಚು, ಹಾಗಾಗಿ ಅವುಗಳನ್ನು ನಿಧಾನವಾಗಿ ನೋಡಬೇಕು. ಹಳೆಯ ಎನಾಮಲ್ ಫಲಕವೆಂದರೆ ಕಬ್ಬಿಣದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಕೂಡಿಸಿದ್ದು. ಅದಕ್ಕೆ ಕೈಯಲ್ಲಿ ಹಿಡಿದಾಗ ತಿಳಿಯುವಷ್ಟು ತೂಕವಿರುತ್ತದೆ, ಬೆರಳಿನ ಉಗುರನ್ನು ಮೆಲ್ಲಗೆ ಎಳೆದರೆ ಒಂದು ಬಣ್ಣ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಸಣ್ಣ ಮೆಟ್ಟಿಲು ಸಿಗುತ್ತದೆ, ಮೊಳೆಯ ರಂಧ್ರಗಳ ಸುತ್ತ ಗಾಜು ಚಕ್ಕೆ ಎದ್ದು ಅಲ್ಲಿಂದ ಕಪ್ಪು ಕಂದು ತುಕ್ಕು ಹರಡಿರುತ್ತದೆ. ಈಗ ಮಾರಾಟಕ್ಕಿರುವ ನಕಲುಗಳಲ್ಲಿ ತೆಳುವಾದ ತಗಡಿನ ಮೇಲೆ ಹಳೆಯ ಫಲಕದ ಛಾಯಾಚಿತ್ರವನ್ನೇ ಮುದ್ರಿಸಿರುತ್ತಾರೆ. ಗೀರು, ತುಕ್ಕು, ಚಕ್ಕೆ ಎಲ್ಲವೂ ಕಣ್ಣಿಗೆ ಕಾಣುತ್ತವೆ, ಆದರೆ ಬೆರಳಿಗೆ ಸಿಗುವುದಿಲ್ಲ. ಹಿಂಬದಿ ಹೊಸದಾಗಿ ಹೊಳೆಯುತ್ತಿದ್ದು ಮುಂಬದಿ ಮಾತ್ರ ಜರ್ಜರಿತವಾಗಿದ್ದರೂ ಸಂಶಯಪಡಬೇಕು.

ತಗಡಿನ ಆಟಿಕೆಗಳಲ್ಲಿ ಹಳೆಯವುಗಳ ಭಾಗಗಳನ್ನು ಹೆಚ್ಚಾಗಿ ಸಣ್ಣ ತಗಡಿನ ಕಿವಿಗಳನ್ನು ಸೀಳಿನಲ್ಲಿ ತೂರಿಸಿ ಮಡಚಿ ಜೋಡಿಸಿರುತ್ತಾರೆ. ಆ ಕಿವಿಗಳು ಮತ್ತೆ ಮತ್ತೆ ಬಾಗಿಸಿದಂತೆ ಕಂಡರೆ ಯಾರೋ ಬಿಚ್ಚಿ ರಿಪೇರಿ ಮಾಡಿದ್ದಾರೆ ಎಂದರ್ಥ. ಸೆಲ್ಯುಲಾಯ್ಡ್ ಗೊಂಬೆಗಳು ಹಗುರ, ತೆಳು, ಅಂಗೈಯಲ್ಲಿ ಉಜ್ಜಿ ಬೆಚ್ಚಗಾದಾಗ ಕರ್ಪೂರದ ವಾಸನೆ ಬಿಡುತ್ತವೆ, ಏಕೆಂದರೆ ಅವುಗಳ ತಯಾರಿಕೆಯಲ್ಲಿ ಕರ್ಪೂರವಿದೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆಯನ್ನು ಖಂಡಿತ ಮಾಡಬೇಡಿರಿ, ಸೆಲ್ಯುಲಾಯ್ಡ್ ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುವ ವಸ್ತು. ಕಾಗದದ ವಸ್ತುಗಳಿಗೆ ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಸಾಕು: ಹೊಸ ಕಾಗದದಲ್ಲಿ ಬಿಳುಪಿಗಾಗಿ ಸೇರಿಸುವ ರಾಸಾಯನಿಕಗಳು ಕತ್ತಲೆಯಲ್ಲಿ ನೀಲಿಬಿಳುಪಾಗಿ ಹೊಳೆಯುತ್ತವೆ, ಹಳೆಯ ನ್ಯೂಸ್‌ಪ್ರಿಂಟ್ ಮಂಕಾಗಿಯೇ ಇರುತ್ತದೆ.

ಸ್ಥಿತಿ ಮತ್ತು ಬೆಲೆ

ವಸ್ತು ಅಸಲು ಎಂದಾದ ಮೇಲೆ ಅದರ ಸ್ಥಿತಿಯನ್ನು ನಿರ್ದಾಕ್ಷಿಣ್ಯವಾಗಿ ದಾಖಲಿಸಬೇಕು. ಕಾಮಿಕ್ಸ್ ಆದರೆ ಮೊದಲು ನಡುವಿನ ಹಾಳೆ ಇದೆಯೇ ಎಂದು ಎಣಿಸಿರಿ, ಏಕೆಂದರೆ ಪಿನ್ನು ಸಡಿಲಾದಾಗ ಮೊದಲು ಕಳೆದುಹೋಗುವುದು ಅದೇ. ಬಳಿಕ ಪಿನ್ನಿನ ತುಕ್ಕು, ಬೆನ್ನಿನ ಹರಕು, ತುಂಬಿಸಿದ ಪದಬಂಧ, ಕತ್ತರಿಸಿದ ಕೂಪನ್, ಸೆಲ್ಲೋ ಟೇಪಿನ ಹಳದಿ ಕಲೆ ಇವುಗಳನ್ನು ನೋಡಿರಿ. ವಾಚನಾಲಯದವರು ಹತ್ತಾರು ಪ್ರತಿಗಳನ್ನು ಸೇರಿಸಿ ರಟ್ಟು ಹಾಕಿ ಹೊಲಿಸಿದ ಸಂಪುಟಗಳು ಓದುವುದಕ್ಕೆ ಸೊಗಸು, ಆದರೆ ಹೊಲಿಯುವಾಗ ಅಂಚುಗಳನ್ನು ಕತ್ತರಿಸಿರುವುದರಿಂದ ಬಿಡಿ ಪ್ರತಿಗಳ ಬೆಲೆ ಅವುಗಳಿಗೆ ಸಿಗುವುದಿಲ್ಲ. ಹಾಗೆಂದು ಸಂಪುಟವನ್ನು ಬಿಚ್ಚಿ ಮಾರಲು ಹೋದರೆ ಇದ್ದದ್ದೂ ಕೆಡುತ್ತದೆ. ‘ಐದನೇ ಇಯತ್ತೆ’ ಎಂದು ಬರೆದು ಹುಡುಗನೊಬ್ಬ ಹಾಕಿದ ಸಹಿಯನ್ನು ಮಾರುಕಟ್ಟೆ ದೋಷವೆಂದೇ ಎಣಿಸುತ್ತದೆ. ಅದನ್ನು ಅಳಿಸಲು ಹೋಗಬಾರದು, ಅಳಿಸಿದ ಗುರುತು ಸಹಿಗಿಂತ ದೊಡ್ಡ ದೋಷ.

ಆಟಿಕೆಗಳಲ್ಲಿ ಚಾವಿ, ಆಯುಧ, ಟೋಪಿಯಂತಹ ಬಿಡಿಭಾಗಗಳು ಮತ್ತು ರಟ್ಟಿನ ಪೆಟ್ಟಿಗೆ ಇವೆಯೇ ಎಂಬುದೇ ಬೆಲೆಯನ್ನು ತೀರ್ಮಾನಿಸುವಷ್ಟು ಮುಖ್ಯ. ಮಕ್ಕಳು ಗೊಂಬೆಯನ್ನು ಉಳಿಸಿಕೊಂಡು ಪೆಟ್ಟಿಗೆಯನ್ನು ಎಸೆದದ್ದರಿಂದ ಕೆಲವು ಸಲ ಖಾಲಿ ಪೆಟ್ಟಿಗೆಗೂ ಗಿರಾಕಿಗಳಿರುತ್ತಾರೆ. ಬಣ್ಣ ಹೋದ ಕಡೆ ಹೊಸ ಬಣ್ಣ ಹಚ್ಚುವುದು, ಹುಣಸೆಹಣ್ಣು ಹಚ್ಚಿ ತಿಕ್ಕುವುದು, ವಾರ್ನಿಶ್ ಬಳಿಯುವುದು ಇವೆಲ್ಲ ಬೆಲೆಯನ್ನು ಇಳಿಸುತ್ತವೆ. ಒಣ ಮೆದು ಕುಂಚದಿಂದ ಧೂಳು ಝಾಡಿಸಿದರೆ ಸಾಕು.

ಬೆಲೆಗೆ ಆಧಾರವಾಗಬೇಕಾದದ್ದು ಅಂತರ್ಜಾಲದಲ್ಲಿ ಮಾರುವವರು ಕೇಳುತ್ತಿರುವ ಮೊತ್ತವಲ್ಲ, ನಿಜವಾಗಿ ಮಾರಾಟವಾದ ಮೊತ್ತ. ಹರಾಜು ತಾಣಗಳಲ್ಲಿ ಮಾರಾಟ ಮುಗಿದವುಗಳನ್ನು ಮಾತ್ರ ತೋರಿಸುವ ಆಯ್ಕೆ ಇರುತ್ತದೆ; ಅಲ್ಲಿ ಅದೇ ವಸ್ತು, ಅದೇ ಭಾಷೆ, ಹೆಚ್ಚುಕಡಿಮೆ ಅದೇ ಸ್ಥಿತಿಯ ಕನಿಷ್ಠ ಮೂರು ಮಾರಾಟಗಳನ್ನು ಹುಡುಕಿ, ಅತಿ ಹೆಚ್ಚಿನದನ್ನು ಬದಿಗಿಟ್ಟು ಉಳಿದವುಗಳ ನಡುವಿನ ಮೊತ್ತವನ್ನು ಹಿಡಿಯಬೇಕು. ಉದಾಹರಣೆಗೆ 900, 1,100 ಮತ್ತು 4,000 ರೂಪಾಯಿಗೆ ಮೂರು ಪ್ರತಿಗಳು ಹೋಗಿದ್ದರೆ ನಿಮ್ಮ ಪ್ರತಿಗೆ ಸಾವಿರದ ಆಸುಪಾಸು ಎಂದುಕೊಳ್ಳುವುದು ನ್ಯಾಯ. 4,000ಕ್ಕೆ ಹೋದದ್ದು ಇಬ್ಬರು ಹಠಕ್ಕೆ ಬಿದ್ದ ಫಲವಿರಬಹುದು. ಆ ಸಾವಿರದಲ್ಲಿಯೂ ಅಂಚೆ ವೆಚ್ಚ ಮತ್ತು ತಾಣದ ಕಮಿಷನ್ ಕಳೆಯಬೇಕು. ಇಂಗ್ಲಿಷ್ ಪ್ರತಿಯ ಬೆಲೆಯನ್ನು ಕನ್ನಡದ ಅಥವಾ ಮರಾಠಿಯ ಪ್ರತಿಗೆ ನೇರವಾಗಿ ಹಚ್ಚಬಾರದು. ಕನ್ನಡ ಪ್ರತಿಗಳಿಗೆ ಕೊಳ್ಳುವವರು ಕಡಿಮೆ, ಆದರೆ ಬೇಕಾದವರಿಗೆ ಬೇರೆ ದಾರಿಯೂ ಕಡಿಮೆ, ಹಾಗಾಗಿ ಅವಸರವಿಲ್ಲದೆ ಸರಿಯಾದ ಓದುಗನಿಗಾಗಿ ಕಾಯುವವರಿಗೆ ಲಾಭ ಹೆಚ್ಚು. ರದ್ದಿ ಅಂಗಡಿಯವರಿಂದ ಅಪರೂಪದ ವಸ್ತು ಕೊಳ್ಳುವಾಗ ತೂಕದ ದರಕ್ಕೆ ಹಟ ಮಾಡದೆ ಗೌರವದ ಬೆಲೆ ಕೊಡಿರಿ. ಮುಂದಿನ ಸಲ ಅಂಥದು ಬಂದಾಗ ಅವರು ಕಾಗದದ ಗಿರಣಿಗೆ ಕಳಿಸುವ ಮೊದಲು ನಿಮಗೆ ಫೋನ್ ಮಾಡುತ್ತಾರೆ.

ಇಡುವ ಕ್ರಮ ಊರಿಗೆ ತಕ್ಕಂತೆ ಬದಲಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಶತ್ರು ಬೂಷ್ಟು ಮತ್ತು ಪಿನ್ನಿನ ತುಕ್ಕು, ಆದ್ದರಿಂದ ಗೋಡೆಗೆ ತಾಗದ ಕಪಾಟು ಮತ್ತು ಸಿಲಿಕಾ ಜೆಲ್ ಪೊಟ್ಟಣಗಳು ಬೇಕು, ಪೊಟ್ಟಣಗಳನ್ನು ಆಗಾಗ ಬದಲಿಸಬೇಕು. ವಿಜಯಪುರ, ಬಾಗಲಕೋಟೆಗಳ ಬೇಸಿಗೆಯಲ್ಲಿ ನ್ಯೂಸ್‌ಪ್ರಿಂಟ್ ಹಪ್ಪಳದಂತೆ ಮುರಿಯುವುದರಿಂದ ಪತ್ರಾಸಿನ ಮಾಡಿನ ಕೆಳಗಿನ ಅಟ್ಟದಲ್ಲಿ ಕಾಗದ ಇಡಬಾರದು, ಟ್ರಂಕನ್ನು ಕೆಳಗಿನ ತಂಪಾದ ಕೋಣೆಗೆ ತರಬೇಕು. ಪ್ಲಾಸ್ಟಿಕ್ ಗೊಂಬೆಗಳ ಜೊತೆಗೆ ಡಾಂಬರ್ ಗುಳಿಗೆ ಹಾಕಬೇಡಿರಿ, ಕೆಲವು ಬಗೆಯ ಪ್ಲಾಸ್ಟಿಕ್ ಅದರ ಆವಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಸೆಲ್ಯುಲಾಯ್ಡ್ ಗೊಂಬೆಯನ್ನು ಗಾಳಿಯಾಡುವ ಕಡೆ ಒಂಟಿಯಾಗಿಯೇ ಇಡಿರಿ, ಏಕೆಂದರೆ ಅದು ಹಾಳಾಗುತ್ತ ಬಿಡುವ ಅನಿಲ ಪಕ್ಕದಲ್ಲಿರುವ ತಗಡಿನ ಆಟಿಕೆಗೂ ತುಕ್ಕು ಹಿಡಿಸುತ್ತದೆ.