ಕ್ಯಾಮೆರಾ ಗೇಟಿನ ಕಡೆಗೆ, ಕೋಣೆಯ ಕಡೆಗಲ್ಲ

ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟದ ಪಕ್ಕ ನಮ್ಮದೊಂದು ಹಳೆಯ ತೊಟ್ಟಿ ಮನೆ ಇದೆ. ಅದನ್ನೇ ಹೋಂಸ್ಟೇ ಮಾಡಿ ನಡೆಸುತ್ತಿದ್ದೇನೆ. ಆಗುಂಬೆ, ಕುಪ್ಪಳಿ, ಕೊಡಚಾದ್ರಿ ನೋಡಲು ಬಂದವರು ಉಳಿದುಕೊಳ್ಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಬಂದು ಮೊದಲು ಕೇಳುವುದು, 'ಎಷ್ಟು ಕ್ಯಾಮೆರಾ ಹಾಕಿಸಬೇಕು?' ಅಂತ. ಕ್ಯಾಮೆರಾ ಆಮೇಲೆ, ರಿಜಿಸ್ಟರ್ ಎಲ್ಲಿಡುತ್ತೀರಿ ಹೇಳಿ ಅನ್ನುತ್ತೇನೆ.

ಎಷ್ಟೋ ಲಾಡ್ಜುಗಳಲ್ಲಿ ರಿಜಿಸ್ಟರ್ ಟೇಬಲ್ ಮೇಲೆ ತೆರೆದೇ ಬಿದ್ದಿರುತ್ತದೆ. ಸಹಿ ಹಾಕಲು ಬಗ್ಗಿದವನಿಗೆ ಮೇಲಿನ ಸಾಲುಗಳೆಲ್ಲ ಕಾಣುತ್ತವೆ. ಹೆಸರು, ಫೋನ್ ನಂಬರ್, ರೂಮ್ ನಂಬರ್, ಮುಂದೆ ಎಲ್ಲಿಗೆ ಹೋಗುತ್ತಾರೆ ಅನ್ನುವುದೂ. ಒಬ್ಬರೇ ಬಂದ ಹೆಣ್ಣುಮಗಳ ನಂಬರ್ ಹೀಗೆ ಯಾರ ಕೈಗೋ ಸಿಕ್ಕರೆ ಗೇಟಿನ ಕ್ಯಾಮೆರಾ ಏನು ಮಾಡೀತು? ನಮ್ಮಲ್ಲಿ ಒಬ್ಬರಿಗೆ ಒಂದು ಚೀಟಿ. ಅವರು ಬರೆದುಕೊಟ್ಟದ್ದನ್ನು ನಾನೇ ಪುಸ್ತಕಕ್ಕೆ ಇಳಿಸುತ್ತೇನೆ, ಪುಸ್ತಕ ಡ್ರಾಯರಿಗೆ ಹೋಗುತ್ತದೆ, ಬೀಗ ಬೀಳುತ್ತದೆ. ಯಾವ ಕೋಣೆ ಅಂತ ಎಲ್ಲರೆದುರು ಕೂಗಿ ಹೇಳುವುದಿಲ್ಲ. ಕರೆದುಕೊಂಡು ಹೋಗಿ ಬೀಗದ ಕೈ ಕೊಡುತ್ತೇವೆ.

ಗುರುತಿನ ಚೀಟಿ ಮಾತ್ರ ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಡ್ರೈವಿಂಗ್ ಲೈಸೆನ್ಸ್, ವೋಟರ್ ಕಾರ್ಡ್ ಯಾವುದಾದರೂ ಆಗುತ್ತದೆ. ಆಧಾರ್ ಕೊಡುವವರಿಗೆ ಮಾಸ್ಕ್ ಮಾಡಿದ ಆಧಾರ್ ತನ್ನಿ ಅಂತ ಬುಕಿಂಗ್ ವೇಳೆಯೇ ಹೇಳಿಬಿಡುತ್ತೇನೆ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟಿನಲ್ಲೇ ಅದು ಸಿಗುತ್ತದೆ. ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುತ್ತವೆ. ವಾಟ್ಸಾಪಿನಲ್ಲಿ ಕಾರ್ಡಿನ ಫೋಟೋ ತರಿಸಿಕೊಳ್ಳುವುದು ನಮ್ಮಲ್ಲಿಲ್ಲ. ಕೆಲಸದ ಹುಡುಗನ ಫೋನಿಗೆ ಬಂದ ಫೋಟೋ ಗ್ಯಾಲರಿಗೆ ಹೋಗುತ್ತದೆ, ಅಲ್ಲಿಂದ ಬ್ಯಾಕಪ್‌ಗೆ. ಹುಡುಗ ಕೆಲಸ ಬಿಟ್ಟು ಹೋದರೂ ಫೋಟೋ ಅವನ ಬಳಿಯೇ ಉಳಿಯುತ್ತದೆ, ಅಲ್ವಾ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ರಾಜ್ಯದವರು ಗೆದ್ದುಕೊಟ್ಟ ಹಕ್ಕನ್ನು ನಮ್ಮ ಮನೆಯ ಜಗಲಿಯಲ್ಲೇ ಉಳಿಸಿಕೊಳ್ಳದಿದ್ದರೆ ಹೇಗೆ?

ವಿದೇಶದವರು ಬಂದರೆ ಲೆಕ್ಕವೇ ಬೇರೆ. ಪಾಸ್‌ಪೋರ್ಟ್, ವೀಸಾ ನೋಡಿ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ಆನ್‌ಲೈನಿನಲ್ಲಿ ತುಂಬಬೇಕು. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಆಗ ಪೇಟೆಗೆ ಹೋಗಿಯಾದರೂ ತುಂಬಿಯೇ ಬರುತ್ತೇನೆ.

ಇನ್ನು ಕ್ಯಾಮೆರಾ. ಗೇಟಿಗೊಂದು, ವಾಹನ ನಿಲ್ಲಿಸುವ ಕಡೆಗೊಂದು, ಮುಂಬಾಗಿಲಿಗೊಂದು ಇದೆ. ಮೂರರ ಕೆಳಗೂ ಕನ್ನಡದಲ್ಲಿ ಬೋರ್ಡಿದೆ. ತೊಟ್ಟಿಯೊಳಗೆ, ಜಗಲಿಯಲ್ಲಿ, ಕೋಣೆಗಳ ಮುಂದೆ ಇಲ್ಲ. ಜನ ಕೂದಲು ಒಣಗಿಸಿಕೊಳ್ಳುವ, ಕಾಲು ಚಾಚಿ ಕೂರುವ ಜಾಗ ಅದು. ಗೇಟಿನದ್ದು ಮೊದಲು ಪಕ್ಕದ ಮನೆಯ ಅಂಗಳವನ್ನೂ ಹಿಡಿಯುತ್ತಿತ್ತು. ಆಳನ್ನು ಕರೆಸಿ ಮುಖ ತಿರುಗಿಸಿದೆವು. ಮಲೆನಾಡಿನಲ್ಲಿ ಇನ್ನೊಂದು ಕಾಟವಿದೆ. ಕತ್ತಲಲ್ಲಿ ಕ್ಯಾಮೆರಾದ ಸುತ್ತ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸಿನ ಮುಂದೆ ಬಲೆ ಕಟ್ಟುತ್ತದೆ. ರಾತ್ರಿಯಿಡೀ ಬಿಳಿ ನೂಲು ಅಲ್ಲಾಡುವುದೇ ರೆಕಾರ್ಡ್ ಆಗುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೋಲಿಗೆ ಬಟ್ಟೆ ಕಟ್ಟಿ ಒರೆಸುವುದು ನಮ್ಮ ದಿನದ ಕೆಲಸ. ಒರೆಸದ ಕ್ಯಾಮೆರಾ ಇದ್ದೂ ಇಲ್ಲದ ಹಾಗೆ.

ನಾನು ತುಂಬ ತಲೆ ಕೆಡಿಸಿಕೊಂಡದ್ದು ಬಚ್ಚಲು ಮನೆಯ ವಿಷಯದಲ್ಲಿ. ಹಂಡೆ ನೀರಿನ ಸ್ನಾನ ಅಂದರೆ ಬಂದವರಿಗೆ ಇಷ್ಟ. ಆದರೆ ಒಲೆಯ ಬಾಯಿ ಹೊರಗಿನ ಗೋಡೆಯಲ್ಲಿದೆ, ಅದರ ಮೇಲೆಯೇ ಗಾಳಿಕಿಂಡಿ. ಒಳಗೆ ಯಾರೋ ಸ್ನಾನ ಮಾಡುವಾಗ ಹೊರಗೆ ಆಳು ಸೌದೆ ತುಂಬುತ್ತ ನಿಂತಿರಬೇಕಾಗುತ್ತದೆ. ಅವನು ಎಷ್ಟೇ ಒಳ್ಳೆಯವನಾಗಲಿ, ಒಳಗಿದ್ದವರಿಗೆ ನೆಮ್ಮದಿ ಇರುವುದಿಲ್ಲ. ಕಿಂಡಿಯನ್ನು ಸೂರಿನವರೆಗೆ ಏರಿಸಿ ಮಸುಕು ಗಾಜು ಹಾಕಿಸಿದೆ. ಈಗ ಬೆಳಗಿನ ಜಾವವೇ ನೀರು ಕಾಯಿಸಿ, ಬೆಂಕಿ ಹಿಂದೆಳೆದು, ಆಮೇಲೆಯೇ ಸ್ನಾನಕ್ಕೆ ಕರೆಯುತ್ತೇವೆ. ಉಪ್ಪರಿಗೆಯ ಹಲಗೆಗಳ ಸಂದಿಗೂ ಪಟ್ಟಿ ಹೊಡೆಸಿದ್ದೇನೆ. ಪ್ರತಿ ಸಲ ಕೋಣೆ ಕೊಡುವ ಮುಂಚೆ ದೀಪ ಆರಿಸಿ, ಟಾರ್ಚ್ ಹಿಡಿದು ಪ್ಲಗ್, ಬಲ್ಬು, ಕನ್ನಡಿ ಅಂಚು ನೋಡುತ್ತೇನೆ. ಹಿಂದಿನ ಸಲ ಉಳಿದವರೇ ಏನಾದರೂ ಬಚ್ಚಿಟ್ಟು ಹೋಗಿರಬಹುದಲ್ಲ. ಬಂದವರು ತಾವೂ ನೋಡುತ್ತೇವೆ ಅಂದರೆ ಟಾರ್ಚ್ ಅವರ ಕೈಗೇ ಕೊಡುತ್ತೇನೆ.

ನಮ್ಮ ಕಡೆ 'ಯಾವ ಊರು, ಯಾರ ಪೈಕಿ' ಅಂತ ಕೇಳುವುದು ಪ್ರೀತಿಯಿಂದಲೇ. ಆದರೆ ದುಡ್ಡು ಕೊಟ್ಟು ಉಳಿದವರನ್ನು ಹಾಗೆ ಕೆದಕಬಾರದು. ಇಬ್ಬರು ಬಂದರೆ ಇಬ್ಬರದೂ ಗುರುತಿನ ಚೀಟಿ ನೋಡುತ್ತೇನೆ, ವಯಸ್ಸು 18 ದಾಟಿದೆಯಾ ನೋಡುತ್ತೇನೆ. ಮದುವೆ ಆಗಿದೆಯಾ, ಏನು ಸಂಬಂಧ ಅಂತ ಕೇಳುವುದಿಲ್ಲ. ಅದನ್ನು ಕೇಳಲು ಯಾವ ಕಾನೂನೂ ನನಗೆ ಹೇಳಿಲ್ಲ.

ಒಮ್ಮೆ ಸಂಜೆ ಒಬ್ಬರು ಕಾರಿನಲ್ಲಿ ಬಂದು ಒಬ್ಬ ಮಹಿಳೆಯ ಹೆಸರು ಹೇಳಿ, 'ನನ್ನ ಹೆಂಡತಿ, ಇಲ್ಲೇ ಇದ್ದಾಳೆ, ಯಾವ ರೂಮು?' ಅಂದರು. ಫೋಟೋ ತೋರಿಸಿದರು, ಕಣ್ಣೀರೂ ಹಾಕಿದರು. ನಮ್ಮ ಹುಡುಗ, 'ಇಲ್ಲಿ ಯಾರಿದ್ದಾರೆ ಅಂತ ನಾವು ಹೇಳುವುದಿಲ್ಲ. ನಿಮ್ಮ ಹೆಸರು, ನಂಬರ್ ಬರೆದಿಡಿ, ಇದ್ದರೆ ತಲುಪಿಸುತ್ತೇವೆ' ಅಂದ. ಮಹಿಳೆ ಆಗ ಒಳಗೇ ಇದ್ದರು. ಚೀಟಿ ನೋಡಿ ಅವರ ಮುಖ ಬಿಳಚಿಕೊಂಡಿತು. ಆ ರಾತ್ರಿ ಗೇಟಿನ ಹತ್ತಿರ ಇಬ್ಬರನ್ನು ಮಲಗಿಸಿ, ಬೆಳಿಗ್ಗೆ ಅವರಣ್ಣ ಬರುವವರೆಗೆ ಕಾದೆವು. ಯಾರೂ ಇಲ್ಲದ ದಿನ ಕೇಳಿದರೂ ಉತ್ತರ ಇದೇ ಇರಬೇಕು. ಇಲ್ಲದಾಗ 'ಇಲ್ಲ' ಅಂದು, ಇದ್ದಾಗ 'ಹೇಳಲ್ಲ' ಅಂದರೆ ಕೇಳಿದವನಿಗೆ ಉತ್ತರ ಸಿಕ್ಕಿದ ಹಾಗೇ.

ಪೊಲೀಸರು ಬಂದರೆ ಮಾತು ಬೇರೆ. ಆಗುಂಬೆ ಸುತ್ತ ನಕ್ಸಲರ ಓಡಾಟ ಇದ್ದ ಕಾಲ ಕಂಡ ಊರು ನಮ್ಮದು, ಅವರ ಕೆಲಸ ನಮಗೂ ಗೊತ್ತು. ಐಡಿ ನೋಡುತ್ತೇನೆ, ಕೇಳಿದ ದಿನಾಂಕದ ಪುಟ ತೋರಿಸುತ್ತೇನೆ, ಯಾರು ಯಾವಾಗ ನೋಡಿದರು ಅಂತ ಬರೆದಿಡುತ್ತೇನೆ. ಇಡೀ ಪುಸ್ತಕದ ಫೋಟೋ ತೆಗೆಯಲು ಸುಮ್ನೆ ಬಿಡುವುದಿಲ್ಲ, ಬರವಣಿಗೆಯಲ್ಲಿ ಕೇಳಿ ಅನ್ನುತ್ತೇನೆ. ಬೇಸರ ಮಾಡಿಕೊಂಡವರು ಕಡಿಮೆ.

ಹೊಸ ಹುಡುಗರು ಬಂದಾಗ ಮೊದಲು ಹೇಳಿಕೊಡುವುದು ಬಾಗಿಲು ಬಡಿಯುವುದನ್ನು. ಬಡಿ, ಹೆಸರು ಹೇಳು, ಉತ್ತರ ಬರುವವರೆಗೆ ನಿಲ್ಲು. ಕಾಫಿ ಆರಿದರೆ ಆರಲಿ, ಇನ್ನೊಂದು ಮಾಡೋಣ.